ಹಳೆಯ ಬಂಗಾರದ ವಾಚಿಗೆ ಸರಿಯಾದ ಬೆಲೆ ಎಷ್ಟು? ಹೀಗೆ ಲೆಕ್ಕ ಹಾಕಿ

ತಾತನ ಕಾಲದ ಬಂಗಾರದ ವಾಚು ಬೀರುವಿನಲ್ಲಿದ್ದರೆ, ಬೆಲೆ ಕೇಳಲು ನಾವು ಹೋಗುವುದು ಇಬ್ಬರ ಹತ್ತಿರ. ಒಬ್ಬರು ಒಡವೆ ಅಂಗಡಿಯವರು, ಇನ್ನೊಬ್ಬರು ವಾಚ್ ರಿಪೇರಿಯವರು. ಒಡವೆ ಅಂಗಡಿಯವರಿಗೆ ಕಾಣುವುದು ಬಂಗಾರ. ರಿಪೇರಿಯವರಿಗೆ ಕಾಣುವುದು ಒಳಗಿನ ಮೆಷಿನ್. ಇಬ್ಬರೂ ಸುಳ್ಳು ಹೇಳದೇ ಇರಬಹುದು, ಆದರೆ ಇಬ್ಬರೂ ಹೇಳುವುದು ಅರ್ಧ ಮಾತು.

ಇಂಥ ವಾಚಿಗೆ ಎರಡು ಬೆಲೆ. ಕರಗಿಸಿದರೆ ಬರುವ ದುಡ್ಡು ಒಂದು, ವಾಚಾಗಿಯೇ ಮಾರಿದರೆ ಬರುವ ದುಡ್ಡು ಇನ್ನೊಂದು. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ, ಯಾವುದು ಜಾಸ್ತಿಯೋ ಅಲ್ಲಿಂದ ಚೌಕಾಸಿ ಶುರು ಮಾಡಬೇಕು. ಮಾರುವ ಯೋಚನೆ ಇಲ್ಲದಿದ್ದರೂ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಈ ಲೆಕ್ಕ ಬೇಕೇ ಬೇಕು.

ಉದಾಹರಣೆಗೆ ನಮ್ಮ ಕಡೆ ಹಳೆಯ ಮನೆಗಳಲ್ಲಿ ಆಗಾಗ ಕಾಣುವ 1950–60ರ ದಶಕದ, ಸ್ವಿಸ್ ಕಂಪನಿ ಒಮೆಗಾದ ವಾಚನ್ನೇ ಇಟ್ಟುಕೊಳ್ಳೋಣ. ಕೀ ಕೊಟ್ಟು ಓಡಿಸುವಂಥದ್ದು, ದುಂಡಗಿನ ಬಂಗಾರದ ಕೇಸು, ಚರ್ಮದ ಪಟ್ಟಿ.

ಮೊದಲು ಏನೂ ಮಾಡಬೇಡಿ

ಪಾಲಿಶ್ ಮಾಡಿಸಬೇಡಿ. ಡಯಲ್ ಮಾಸಿದೆ ಅಂತ ಹೊಸ ಬಣ್ಣ ಹಾಕಿಸಬೇಡಿ. ವರ್ಷಗಟ್ಟಲೆ ನಿಂತ ವಾಚಿಗೆ ಸುಮ್ನೆ ಕೀ ಕೊಟ್ಟು ದಿನಗಟ್ಟಲೆ ಓಡಿಸಬೇಡಿ. ಎಣ್ಣೆ ಒಣಗಿದ ಮೆಷಿನ್ ಓಡಿದರೆ ಒಳಗಿನ ಭಾಗಗಳು ಸವೆಯುತ್ತವೆ. ಯಾರಾದರೂ ಒರೆಗಲ್ಲು ತೆಗೆದರೆ ವಾಚನ್ನು ಮೆಲ್ಲಗೆ ವಾಪಸ್ ತೆಗೆದುಕೊಳ್ಳಿ. ಬಳೆಗೆ ಒಂದು ಗೀರು ಬಿದ್ದರೆ ನಷ್ಟವಿಲ್ಲ, ವಾಚಿನ ಕೇಸಿಗೆ ಬಿದ್ದರೆ ನಷ್ಟ.

ಬಂಗಾರವೋ, ಗಿಲೀಟೋ?

ಹಿಂದಿನ ಮುಚ್ಚಳ ತೆಗೆದು ಅದರ ಒಳಮೈ ನೋಡಬೇಕು. ಇದನ್ನು ಮನೆಯಲ್ಲಿ ಚಾಕು ಹಾಕಿ ಮಾಡಬೇಡಿ. ರಿಪೇರಿಯವರ ಹತ್ತಿರ, ನಿಮ್ಮ ಕಣ್ಣೆದುರಿಗೇ ತೆಗೆಸಿ. ಭೂತಗನ್ನಡಿ ಇರಲಿ, ಮೊಬೈಲಿನಲ್ಲಿ ಫೋಟೊವನ್ನೂ ತೆಗೆದಿಟ್ಟುಕೊಳ್ಳಿ.

0.750 ಅಥವಾ 18 ಕೆ ಎಂದಿದ್ದರೆ 18 ಕ್ಯಾರಟ್. 0.585 ಇದ್ದರೆ 14 ಕ್ಯಾರಟ್. 375 ಇದ್ದರೆ 9 ಕ್ಯಾರಟ್. ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು. ಹಾಗಾಗಿ ಅದರ ಪಕ್ಕದ ಪುಟ್ಟ ಚಿತ್ರವನ್ನೂ ಹುಡುಕಿ. 1995ಕ್ಕಿಂತ ಹಿಂದಿನ ಸ್ವಿಸ್ ಕೇಸುಗಳಲ್ಲಿ 18 ಕ್ಯಾರಟ್‌ಗೆ ಪಕ್ಕಕ್ಕೆ ತಿರುಗಿದ ಹೆಂಗಸಿನ ತಲೆಯ ಮುದ್ರೆ ಇರುತ್ತದೆ. ಅದು ಹೆಲ್ವೇಶಿಯಾ, ನಮ್ಮ ಭಾರತಮಾತೆಯಂತೆ ಸ್ವಿಟ್ಜರ್ಲೆಂಡ್ ದೇಶದ ಸಂಕೇತ. 14 ಕ್ಯಾರಟ್‌ಗೆ ಅಳಿಲು. 1995ರಿಂದ ಈಚೆಗೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ. ಬ್ರಿಟನ್ನಿನಲ್ಲಿ ಕೇಸು ಮಾಡಿದ ವಾಚುಗಳೂ ಇವೆ. ಬರ್ಮಿಂಗ್‌ಹ್ಯಾಮಿನ ಡೆನಿಸನ್ ಕಂಪನಿ ಒಮೆಗಾಗೆ 9 ಕ್ಯಾರಟ್ ಕೇಸು ಮಾಡಿಕೊಡುತ್ತಿತ್ತು. ಅಂಥದ್ದರಲ್ಲಿ 375ರ ಜೊತೆ ಬರ್ಮಿಂಗ್‌ಹ್ಯಾಮಿನ ಮುದ್ರೆಯಾದ ಲಂಗರಿನ ಗುರುತು ಸಿಗುತ್ತದೆ. 9 ಕ್ಯಾರಟ್ ಅಂದರೆ ನಮ್ಮವರು ಮೂಗು ಮುರಿಯುತ್ತಾರೆ, 22 ಕ್ಯಾರಟ್ ನೋಡಿ ಅಭ್ಯಾಸ ಅಲ್ವಾ? ಆದರೆ ಅದೂ ಅಸಲಿ ಬಂಗಾರದ ಕೇಸೇ.

ಹಾಗೆಯೇ ಹಳೆಯ ವಾಚಿನಲ್ಲಿ ನಮ್ಮ ಬಿಐಎಸ್ ಹಾಲ್‌ಮಾರ್ಕ್, ಒಡವೆಗೆ ಒತ್ತುವ ಆರು ಅಕ್ಷರದ ಗುರುತಿನ ಸಂಖ್ಯೆ ಎಚ್‌ಯುಐಡಿ ಇಲ್ಲ ಅಂತ ಯಾರಾದರೂ ಬೆಲೆ ಇಳಿಸಿದರೆ ಒಪ್ಪಬೇಡಿ. ಕಡ್ಡಾಯ ಹಾಲ್‌ಮಾರ್ಕ್ ನಿಯಮದಿಂದ ವಾಚುಗಳಿಗೆ ವಿನಾಯಿತಿ ಇದೆ.

ಈಗ ಗಿಲೀಟಿನ ಗುರುತು. ಪಟ್ಟಿ ಸಿಕ್ಕಿಸುವ ಕೊಂಬಿನ ಹಿಂದೆ ‘20 ಮೈಕ್ರಾನ್’ ಎಂದಿದೆಯೇ? ಮುಚ್ಚಳದ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದೆಯೇ? ‘ಗೋಲ್ಡ್ ಫಿಲ್ಡ್’, ‘ರೋಲ್ಡ್ ಗೋಲ್ಡ್’, ‘ಜಿಪಿ’ ಅಕ್ಷರ ಕಾಣುತ್ತದೆಯೇ? ಇದ್ದರೆ ಅದು ಬಂಗಾರದ ಪದರ ಮಾತ್ರ. 20 ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು ದಪ್ಪ. ಇಡೀ ಕೇಸಿನಿಂದ ಅರ್ಧ ಗ್ರಾಮು ಬಂಗಾರ ಸಿಗುವುದೂ ಕಷ್ಟ. ಮುದ್ರೆ ಸವೆದು ಓದಲು ಆಗದಿದ್ದರೆ ಕೊಂಬಿನ ತುದಿ ಮತ್ತು ಕೀ ಸುತ್ತಮುತ್ತ ನೋಡಿ. ಬೆರಳು, ಬೆವರು ತಾಗುವ ಜಾಗ ಅದು. ಪದರ ಸವೆದಿದ್ದರೆ ಅಲ್ಲಿ ಹಿತ್ತಾಳೆ ಇಣುಕುತ್ತದೆ.

ಎಕ್ಸ್‌ರೇ ಯಂತ್ರದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದೇ, ಗೀರು ಬೀಳುವುದಿಲ್ಲ. ಒಂದು ಎಚ್ಚರಿಕೆ ಇರಲಿ: ಆ ಯಂತ್ರ ಓದುವುದು ಮೇಲ್ಮೈಯನ್ನು. ದಪ್ಪ ಗಿಲೀಟಿದ್ದರೆ ಅದನ್ನೇ ಬಂಗಾರ ಎಂದು ತೋರಿಸಬಹುದು. ಮುಚ್ಚಳದ ಒಳಭಾಗ ಮತ್ತು ಸವೆದ ಅಂಚು, ಎರಡು ಕಡೆಯೂ ಪರೀಕ್ಷೆ ಮಾಡಿಸಿ.

ಎಚ್‌ಎಂಟಿ ವಾಚು ಇಟ್ಟುಕೊಂಡವರೂ ಇದನ್ನೇ ಕೇಳುತ್ತಾರೆ. ಬಂಗಾರದ ಬಣ್ಣದ ಎಚ್‌ಎಂಟಿ ಸಾಮಾನ್ಯವಾಗಿ ಗಿಲೀಟೇ. ಆದರೆ ಬೇಸರ ಬೇಡ. ಒಂದು ಕಾಲಕ್ಕೆ ಮದುಮಗನಿಗೆ ಕೊಡುತ್ತಿದ್ದ ಕಾಂಚನ್ ಆಟೊಮ್ಯಾಟಿಕ್ ವಾಚನ್ನು ಈಗಲೂ ಹುಡುಕಿಕೊಂಡು ಬರುವವರಿದ್ದಾರೆ. ಅದಕ್ಕೆ ವಾಚಿನ ಬೆಲೆ ಇದೆ, ಬಂಗಾರದ ಬೆಲೆ ಇಲ್ಲ, ಅಷ್ಟೆ. ಟೈಟಾನ್‌ನ ನೆಬ್ಯುಲಾ ಬೇರೆ ಕಥೆ, ಅದು 18 ಕ್ಯಾರಟ್ ಬಂಗಾರದ್ದು.

ಕರಗಿಸಿದರೆ ಎಷ್ಟು?

ಇಡೀ ವಾಚನ್ನು ತಕ್ಕಡಿಗೆ ಹಾಕಿ ಗುಣಿಸಬೇಡಿ. ಸಾಮಾನ್ಯವಾಗಿ ಎಡವುವುದೇ ಇಲ್ಲಿ. ಮೆಷಿನ್, ಡಯಲ್, ಮುಳ್ಳು, ಗ್ಲಾಸ್, ಪಟ್ಟಿ, ಬಕಲ್ ಎಲ್ಲ ಕಳೆಯಬೇಕು. ಮೆಷಿನ್ ತೆಗೆಸಿ ಕೇಸನ್ನಷ್ಟೇ ತೂಗಿಸುವುದು ಸರಿಯಾದ ದಾರಿ. ಕೆಲವು ವಾಚುಗಳಲ್ಲಿ ಮುಚ್ಚಳದ ಕೆಳಗೆ ಇನ್ನೊಂದು ತೆಳು ಮುಚ್ಚಳ ಇರುತ್ತದೆ. ಅದು ಬೇರೆ ಲೋಹದ್ದಾಗಿರಬಹುದು, ನೋಡಿ.

ಪಟ್ಟಿ ತೆಗೆದ ಮೇಲೆ ವಾಚು 30 ಗ್ರಾಮು ಇದೆ ಎಂದುಕೊಳ್ಳಿ. ಮೆಷಿನ್, ಡಯಲ್, ಗ್ಲಾಸು ಸೇರಿ 14 ಗ್ರಾಮು ಹೋಯಿತು. ಉಳಿದದ್ದು 16 ಗ್ರಾಮು. 18 ಕ್ಯಾರಟ್ ಆದರೆ ಅದನ್ನು 0.75ರಿಂದ ಗುಣಿಸಿ: 12 ಗ್ರಾಮು ಅಪ್ಪಟ ಬಂಗಾರ. ಲೆಕ್ಕ ಸುಲಭವಾಗಲಿ ಅಂತ 24 ಕ್ಯಾರಟ್ ಬಂಗಾರ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಂಡರೆ 1,20,000 ರೂಪಾಯಿ. ಅದೇ ಕೇಸು 14 ಕ್ಯಾರಟ್ ಆಗಿದ್ದರೆ 93,600. 9 ಕ್ಯಾರಟ್ ಆಗಿದ್ದರೆ 60,000. ನೀವು 10,000ದ ಜಾಗದಲ್ಲಿ ಇವತ್ತಿನ ದರ ಹಾಕಿಕೊಳ್ಳಿ. 22 ಕ್ಯಾರಟ್ ದರ ಹಾಕಿ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ಅಂಗಡಿಯವರು ಇದರಲ್ಲಿ ಕರಗಿಸುವ ಸವಕಳಿ, ತಮ್ಮ ಲಾಭ ಎಂದು ಸ್ವಲ್ಪ ಮುರಿದುಕೊಳ್ಳುತ್ತಾರೆ. ಎಷ್ಟು ಮುರಿಯುತ್ತೀರಿ ಎಂದು ಬಾಯಿಬಿಟ್ಟು ಕೇಳಿ, ಎರಡು ಮೂರು ಕಡೆ ಹೋಲಿಸಿ. ಕೈಗೆ ಬರುವ ಈ ಮೊತ್ತವೇ ನೆಲ. ಇದಕ್ಕಿಂತ ಕೆಳಗೆ ಯಾರೇ ಕೇಳಿದರೂ ಕೊಡಬೇಕಾಗಿಲ್ಲ.

ಹೆಂಗಸರ ಪುಟ್ಟ ಬಂಗಾರದ ವಾಚುಗಳ ವಿಷಯದಲ್ಲಿ ಹೆಚ್ಚಾಗಿ ಇಲ್ಲಿಗೇ ನಿಲ್ಲಬಹುದು. ಉಗುರಿನಷ್ಟು ಡಯಲ್‌ನ ಆ ವಾಚುಗಳಿಗೆ ಈಗ ಗಿರಾಕಿ ಕಮ್ಮಿ. ಬಂಗಾರದ ಬಳೆಯಂಥ ಪಟ್ಟಿಯೂ ಸೇರಿದ್ದರೆ ಲೋಹದ ಬೆಲೆಯೇ ಜಾಸ್ತಿ ಆಗುವುದುಂಟು.

ವಾಚಾಗಿ ಎಷ್ಟು? ಡಯಲ್ ನೋಡಿ

ಬಂಗಾರ ಇದ್ದ ಮಾತ್ರಕ್ಕೆ ವಾಚಿನ ಬೆಲೆ ಏರುವುದಿಲ್ಲ. ಸ್ವಿಸ್ ಕಂಪನಿ ಪಾಟೆಕ್ ಫಿಲಿಪ್‌ನ 1518 ಎಂಬ ಮಾಡೆಲ್ 1941ರಲ್ಲಿ ಬಂತು. ಹೆಚ್ಚಿನವು ಬಂಗಾರದ ಕೇಸಿನವು. ಸ್ಟೀಲ್‌ನಲ್ಲಿ ಗೊತ್ತಿರುವುದು ನಾಲ್ಕೇ. ಅದರಲ್ಲೊಂದು 2016ರಲ್ಲಿ ಜಿನೀವಾ ಹರಾಜಿನಲ್ಲಿ 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಬಂಗಾರದವು ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಕಮ್ಮಿಗೆ ಹೋಗುತ್ತವೆ. ಸಂಗ್ರಹಕಾರರು ದುಡ್ಡು ಕೊಡುವುದು ಅಪರೂಪಕ್ಕೆ, ಹೆಸರಿಗೆ, ಮತ್ತು ಎಲ್ಲಕ್ಕಿಂತ ಜಾಸ್ತಿ, ಯಾರೂ ಕೈ ಹಚ್ಚದ ಅಸಲಿತನಕ್ಕೆ.

ಆ ಅಸಲಿತನ ಕಾಣುವುದು ಡಯಲ್‌ನಲ್ಲಿ. ನಮ್ಮ ದೇಶದ ಹಳೆಯ ವಾಚುಗಳ ದೊಡ್ಡ ಕಷ್ಟವೂ ಅದೇ. ಸೆಕೆ, ತೇವಕ್ಕೆ ಡಯಲ್ ಮಚ್ಚೆ ಬೀಳುತ್ತದೆ. ಪಾಪ, ಮನೆಯವರು ಚೆನ್ನಾಗಿ ಕಾಣಲಿ ಅಂತ ಮತ್ತೆ ಬಣ್ಣ ಹೊಡೆಸಿರುತ್ತಾರೆ. ಇದರ ಜೊತೆಗೆ ಬೇರೆ ಬೇರೆ ವಾಚಿನ ಭಾಗ ಜೋಡಿಸಿ, ಡಯಲ್‌ಗೆ ಹೊಳೆಯುವ ಬಣ್ಣ ಹಾಕಿ ಮಾರುವ ದಂಧೆಯೂ ಇದೆ. ವಾಚು ಪ್ರಿಯರು ಅದನ್ನು ‘ಮುಂಬೈ ಸ್ಪೆಷಲ್’ ಎಂದೇ ಕರೆಯುತ್ತಾರೆ.

ಮರುಬಣ್ಣ ಪತ್ತೆ ಹಚ್ಚುವುದು ತುಂಬಾ ಕಷ್ಟವಲ್ಲ. ಭೂತಗನ್ನಡಿಯಲ್ಲಿ ಹೆಸರಿನ ಅಕ್ಷರ ನೋಡಿ. ಅಸಲಿ ಅಚ್ಚಿನ ಅಂಚು ಚೂಪಾಗಿರುತ್ತದೆ. ಮರುಬಣ್ಣದ ಅಕ್ಷರ ದಪ್ಪ, ವಾರೆ, ಅಂಚು ಹರಡಿದಂತೆ ಇರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂಡಬೇಕು. 6ರ ಕೆಳಗೆ ‘ಸ್ವಿಸ್ ಮೇಡ್’ ಕಾಣದೇ ಹೋಗಿದ್ದರೆ ಅನುಮಾನ ಪಡಿ. 60 ವರ್ಷದ ವಾಚಿನ ಡಯಲ್ ಹೊಸ ತಟ್ಟೆಯಂತೆ ಬೆಳ್ಳಗೆ ಹೊಳೆಯುತ್ತಿದ್ದರೂ ಅಷ್ಟೇ. ಸಮವಾಗಿ ಕೆನೆಬಣ್ಣಕ್ಕೆ ತಿರುಗಿದ ಅಸಲಿ ಡಯಲ್‌ಗೆ ಸಿಗುವ ಮರ್ಯಾದೆ ಇದಕ್ಕೆ ಸಿಗುವುದಿಲ್ಲ. ನನ್ನ ಪ್ರಕಾರ ಸಾಧಾರಣ ಒಮೆಗಾ ಒಂದರಲ್ಲಿ ಮರುಬಣ್ಣದ ಡಯಲ್ ಇದ್ದರೆ ಅದು ಬಂಗಾರದ ಬೆಲೆಯ ಆಸುಪಾಸಿನಲ್ಲೇ ಉಳಿಯುವ ಸಾಧ್ಯತೆ ಹೆಚ್ಚು.

ಡಯಲ್ ಆದ ಮೇಲೆ ಮೆಷಿನ್. ಆ ಕಾಲದ ಒಮೆಗಾ ಮೆಷಿನ್ ಸಾಮಾನ್ಯವಾಗಿ ತಾಮ್ರದ ಬಣ್ಣದ್ದು, ಮೇಲೆ ಕಂಪನಿಯ ಹೆಸರು ಮತ್ತು ಸಂಖ್ಯೆ ಕೊರೆದಿರುತ್ತದೆ. ಆ ಸಂಖ್ಯೆ 1 ಕೋಟಿ 20 ಲಕ್ಷದ ಹತ್ತಿರ ಇದ್ದರೆ 1950ರ ಆಸುಪಾಸು, 2 ಕೋಟಿಯ ಹತ್ತಿರ ಇದ್ದರೆ 1963ರ ಆಸುಪಾಸು ಎಂದು ಅಂದಾಜು. ಮುಚ್ಚಳದ ಒಳಗಿನ ಮಾಡೆಲ್ ನಂಬರ್ ಬೇರೆ. ಎರಡೂ ಒಂದೇ ಕಾಲವನ್ನು ಹೇಳಬೇಕು. ಕೇಸು 1950ರದ್ದು, ಮೆಷಿನ್ 1963ರದ್ದು ಆಗಿದ್ದರೆ ಯಾರೋ ಜೋಡಿಸಿದ್ದಾರೆ. ಲಾಂಜೀನ್ಸ್, ಪಾಟೆಕ್ ಫಿಲಿಪ್‌ನಂಥ ಕಂಪನಿಗಳು ತಮ್ಮ ಹಳೆಯ ದಾಖಲೆ ನೋಡಿ ವಾಚಿನ ಜಾತಕ ತಿಳಿಸುವ ವ್ಯವಸ್ಥೆ ಇಟ್ಟುಕೊಂಡಿವೆ. ನಿಮ್ಮದು ಅವರದ್ದಾದರೆ ಬರೆದು ಕೇಳಿ.

ಕೇಸಿನ ಕೊಂಬುಗಳು ಚೂಪಾಗಿದ್ದು ಮುದ್ರೆ ಸ್ಪಷ್ಟವಾಗಿದ್ದರೆ ಒಳ್ಳೆಯದು. ಪಾಲಿಶ್ ತಿಂದು ಸೋಪಿನಂತೆ ನುಣುಪಾಗಿದ್ದರೆ ಬೆಲೆ ಇಳಿಯುತ್ತದೆ. ಹಿಂದೆ ‘25 ವರ್ಷದ ಸೇವೆಗಾಗಿ’ ಅಂತ ಹೆಸರು ಕೊರೆದಿದ್ದರೆ ಮನೆಯವರಿಗೆ ಹೆಮ್ಮೆ, ಕೊಳ್ಳುವವರಿಗೆ ಅಲ್ಲ. ಆ ಹೆಸರು ನಾಲ್ಕು ಜನಕ್ಕೆ ಗೊತ್ತಿರುವವರದ್ದಾದರೆ ಮಾತು ಬೇರೆ. ಹಳೆಯ ಬಿಲ್ಲು, ಡಬ್ಬಿ ಸಿಕ್ಕರೆ ಎಸೆಯಬೇಡಿ.

ಕೇಳಿದ ಬೆಲೆ ಬೇಡ, ಮಾರಾಟವಾದ ಬೆಲೆ ನೋಡಿ

ಇಂಟರ್‌ನೆಟ್‌ನಲ್ಲಿ ಯಾರೋ ಐದು ಲಕ್ಷ ಎಂದು ಹಾಕಿರುತ್ತಾರೆ. ಹಾಕಲು ದುಡ್ಡು ಬೇಕಿಲ್ಲವಲ್ಲ. ಇಬೇನಲ್ಲಿ ‘ಸೋಲ್ಡ್’ ಎಂದು ಆರಿಸಿಕೊಂಡರೆ ನಿಜವಾಗಿ ಮಾರಾಟವಾದ ವಾಚುಗಳು ಕಾಣುತ್ತವೆ. ದೊಡ್ಡ ಹರಾಜು ಸಂಸ್ಥೆಗಳೂ ಹಳೆಯ ಫಲಿತಾಂಶ ಪ್ರಕಟಿಸುತ್ತವೆ. ಅಲ್ಲಿನ ಮೊತ್ತದಲ್ಲಿ ಕೊಳ್ಳುವವರು ಕಟ್ಟುವ ಕಮಿಷನ್ ಸೇರಿರಬಹುದು. ಮಾರಿದವರ ಕೈಗೆ ಅಷ್ಟು ಬರುವುದಿಲ್ಲ.

ಅದೇ ಮಾಡೆಲ್, ಅದೇ ಕ್ಯಾರಟ್, ಅದೇ ಥರದ ಡಯಲ್ ಇರುವ ಐದಾರು ಮಾರಾಟ ಹುಡುಕಿ. ಅತಿ ಮೇಲಿನದ್ದು, ಅತಿ ಕೆಳಗಿನದ್ದು ಬಿಡಿ. ಬಂಗಾರ ಏರುತ್ತಿರುವಾಗ ಎರಡು ವರ್ಷದ ಹಿಂದಿನ ಮಾರಾಟ ಹಳಸಲು. ಆಗಿನ ಬೆಲೆ ಇವತ್ತಿನ ಕರಗಿಸುವ ಬೆಲೆಗಿಂತ ಕೆಳಗಿರಲೂಬಹುದು. ಉಳಿದವುಗಳ ಮಧ್ಯದ ಮೊತ್ತದಿಂದ ಸರ್ವಿಸ್ ಖರ್ಚು ಕಳೆಯಿರಿ. ವಾಚು ಓಡುತ್ತಿದ್ದರೂ ಕಳೆಯಿರಿ, ಕೊಳ್ಳುವವರು ಹೇಗೂ ಕಳೆಯುತ್ತಾರೆ.

ಹೀಗೆ ಬಂದದ್ದು, ವಾಚು ಗೊತ್ತಿರುವ ಒಬ್ಬರು ಇನ್ನೊಬ್ಬರಿಗೆ ನೇರವಾಗಿ ಮಾರುವ ಬೆಲೆ. ವ್ಯಾಪಾರಿಗೆ ಕೊಟ್ಟರೆ ಇದಕ್ಕಿಂತ ಕಮ್ಮಿ ಸಿಗುತ್ತದೆ, ಅವರಿಗೂ ಬಾಡಿಗೆ, ಕಾಯುವ ಖರ್ಚು ಇದೆ. ವಿಮೆಗೆ ಬರೆಸುವಾಗ ಮತ್ತೆ ಕೊಳ್ಳಲು ತಗಲುವ ಬೆಲೆ, ಅಂದರೆ ಜಾಸ್ತಿ, ಹಾಕುತ್ತಾರೆ. ಹಾಗಾಗಿ ವಿಮೆಯ ಕಾಗದ ತೋರಿಸಿ ಮಾರಲು ಹೋಗಬೇಡಿ. ಪಾಲಿನ ವಿಷಯಕ್ಕೆ ನೇರ ಮಾರಾಟದ ಬೆಲೆಯೇ ನ್ಯಾಯ. ವಾಚು ಇಟ್ಟುಕೊಳ್ಳುವವರು ಉಳಿದವರಿಗೆ ಆ ಲೆಕ್ಕದಲ್ಲಿ ದುಡ್ಡು ಕೊಡಲಿ.

ವಾಚಿನ ಬೆಲೆ ಬಂಗಾರಕ್ಕಿಂತ ಸ್ವಲ್ಪವೇ ಜಾಸ್ತಿ ಬಂದು, ಗಿರಾಕಿ ಹುಡುಕುವ ತಾಳ್ಮೆ ಇಲ್ಲದಿದ್ದರೆ ಕರಗಿಸಲು ಕೊಡುವುದರಲ್ಲಿ ತಪ್ಪೇನಿಲ್ಲ. ಆಗಲೂ ಮೆಷಿನ್, ಡಯಲ್, ಕೀ ವಾಪಸ್ ಕೇಳಿ ಪಡೆಯಿರಿ. ಅಸಲಿ ಬಿಡಿಭಾಗಗಳಿಗೆ ರಿಪೇರಿಯವರಲ್ಲಿ ಬೇಡಿಕೆ ಇದೆ, ಒಡವೆ ಅಂಗಡಿಯವರು ಅದಕ್ಕೆ ಲೆಕ್ಕ ಕೊಡುವುದಿಲ್ಲ.

ವ್ಯವಹಾರ ಕುದುರಿದ ಮೇಲೆ ರಸೀದಿಯಲ್ಲಿ ಮೆಷಿನ್ ನಂಬರ್, ಮಾಡೆಲ್ ನಂಬರ್, ಕ್ಯಾರಟ್, ತೂಕ ಬರೆಸಿಕೊಳ್ಳಿ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿಯನ್ನು ನಗದಾಗಿ ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ, ಬ್ಯಾಂಕಿಗೇ ಹಾಕಿಸಿ. ಬೆಲೆ ಹೇಳಿಸಲು ಒಂದು ದಿನ ವಾಚನ್ನು ಅಂಗಡಿಯಲ್ಲಿ ಬಿಟ್ಟು ಬರಬೇಕಾದರೂ ಇದೇ ನಂಬರುಗಳಿರುವ ಚೀಟಿ ಬೇಕು. ತೆಗೆದುಕೊಂಡ ಫೋಟೊಗಳನ್ನು ಅವರಿಗೂ ತೋರಿಸಿಯೇ ಬನ್ನಿ.