ಮಾಡೆಲ್ ಬೋಗಿಗೆ ಸ್ಟೇನ್‌ಲೆಸ್ ಸ್ಟೀಲ್ ಹೊಳಪು: ಮಂಕು ಹೋಗಿದ್ದು ಹೀಗೆ

ಎಚ್‌ಓ ಸ್ಕೇಲಿನ (ಅಸಲಿನ 1:87 ಗಾತ್ರದ) ಮಾಡೆಲ್ ರೈಲಿನ ಬಡ್ ಬೋಗಿಗೆ (ಅಮೆರಿಕದ ಬಡ್ ಕಂಪನಿಯ ಸ್ಟೀಲ್ ಬೋಗಿಯ ಮಾದರಿ) ಹೊಡೆದ ಆಲ್‌ಕ್ಲಾಡ್ ಬ್ರ್ಯಾಂಡಿನ ‘ಸ್ಟೇನ್‌ಲೆಸ್ ಸ್ಟೀಲ್’ ಲೋಹಬಣ್ಣ ಬೂದಿ ಬಳಿದ ಹಾಗೆ ಮಂಕಾಗಿತ್ತು. ತಪ್ಪು ಇದ್ದದ್ದು ತಳದಲ್ಲಿ. ತುಮಕೂರಿನ ಮಳೆಗಾಲದ ತೇವದಲ್ಲಿ ಅಡಿಗೆ ಹೊಡೆದಿದ್ದ ಹೊಳಪು ಕಪ್ಪು ಬಣ್ಣ (ಬೇಸ್) ಮಬ್ಬಾಗಿತ್ತು, ಪೂರ್ತಿ ಒಣಗಿಯೂ ಇರಲಿಲ್ಲ. ಆಲ್‌ಕ್ಲಾಡ್ ಒಂದು ಲ್ಯಾಕರ್ ಬಣ್ಣ, ಅದರ ಪದರ ಬಲು ತೆಳು. ತಳ ಕನ್ನಡಿಯಂತಿಲ್ಲದಿದ್ದರೆ ಲೋಹದ ಹೊಳಪು ಬರುವುದೇ ಇಲ್ಲ.

2000 ಗ್ರಿಟ್‌ನ (ಬಲು ನುಣುಪಾದ) ವಾಟರ್ ಪೇಪರಿನಲ್ಲಿ ಹಗುರಾಗಿ ಉಜ್ಜಿ, ಬಿಸಿಲಿದ್ದ ಮಧ್ಯಾಹ್ನ ಕಪ್ಪು ಬೇಸ್ ಮತ್ತೆ ಹೊಡೆದು 48 ಗಂಟೆ ಮುಚ್ಚಿಟ್ಟೆ. ಆಮೇಲೆ ಆಲ್‌ಕ್ಲಾಡ್: ಏರ್‌ಬ್ರಶ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪುಟ್ಟ ಗನ್) ಒತ್ತಡ 12ರಿಂದ 15 ಪಿಎಸ್‌ಐ, ದೂರ ಎರಡು-ಮೂರು ಇಂಚು, ಮಂಜಿನಂಥ ನಾಲ್ಕು ಪದರ. ಬೋಗಿಯ ಉದ್ದುದ್ದ ತೋಡುಗೆರೆಗಳಿರುವ ಪಕ್ಕಗಳಲ್ಲಿ ಮೇಲಿನಿಂದಲೂ ಕೆಳಗಿನಿಂದಲೂ ಓರೆಯಾಗಿ ಹೊಡೆಯಲೇಬೇಕು, ಇಲ್ಲವಾದರೆ ತೋಡಿನ ಒಳಗೆ ಕಪ್ಪು ಇಣುಕುತ್ತದೆ. ಹಾಗೆಂದು ಕಪ್ಪು ಪೂರ್ತಿ ಮುಚ್ಚುವವರೆಗೆ ಒಂದೇ ಕಡೆ ಸುರಿದರೆ ಮತ್ತೆ ಬೂದಿಯೇ. ಛಾವಣಿಗೆ ಒಂದು ಪದರ ಕಡಿಮೆ ಸಾಕು. ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ರಕ್ಷಣೆಯ ಪದರ) ಹಾಕಲಿಲ್ಲ. ಅದು ಹೊಳಪನ್ನು ತಿನ್ನುತ್ತದೆ.