ಅರ್ಜಿ ಆಮೇಲೆ, ಮೊದಲು ಬ್ಯಾಂಕ್ ನೋಡಿ

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ. ಜೊತೆಗೆ ಪಹಣಿ, ಪ್ಯಾನ್ ಕಾರ್ಡ್, ಆನ್‌ಲೈನ್ ಅರ್ಜಿ ಎಲ್ಲ ಮಾಡಿಕೊಡುತ್ತೇನೆ. ಕೋವಿಡ್ ಇದ್ದ ಎರಡು ವರ್ಷ ನಾನು ಜಾಸ್ತಿ ಮಾಡಿದ ಕೆಲಸ ಒಂದೇ. ಕ್ಷೌರಿಕರು, ಅಗಸರು, ಆಟೊದವರು, ಟೈಲರ್‌ಗಳು ಇವರಿಗೆಲ್ಲ ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಿಕೊಟ್ಟಿದ್ದು. ಅರ್ಜಿ ತುಂಬುವುದು ಹತ್ತು ನಿಮಿಷದ ಕೆಲಸ. ಉಳಿದದ್ದೇ ಕಷ್ಟ.

2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಮಾರನೇ ದಿನ ಬೆಳಗ್ಗೆ ಅಂಗಡಿ ಮುಂದೆ ಜನ ಬಂದರು. ಇನ್ನೂ ಆದೇಶ ಬಂದಿಲ್ಲ, ಸರ್ಕಾರದ ಆನ್‌ಲೈನ್ ಅರ್ಜಿ ತಾಣ ಸೇವಾ ಸಿಂಧುನಲ್ಲಿ ಅರ್ಜಿ ಬಿಟ್ಟಿಲ್ಲ ಅಂದರೆ ಯಾರೂ ನಂಬುತ್ತಿರಲಿಲ್ಲ. 'ಟಿವೀಲಿ ಹೇಳಿದಾರಲ್ಲಣ್ಣ' ಅನ್ನೋದು ಎಲ್ಲರ ಮಾತು.

ಆ ಕಾಯುವ ಸಮಯ ಒಳ್ಳೆಯದೇ ಆಯಿತು. ಬಂದವರಿಗೆಲ್ಲ ಸುಮ್ನೆ ಕೂತು ಕಾಯಬೇಡಿ, ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ನೋಡೋಣ ಬನ್ನಿ ಅಂದೆ. ಯಾಕೆಂದರೆ ಈ ದುಡ್ಡು ನೀವು ಅರ್ಜಿಯಲ್ಲಿ ಬರೆದ ಖಾತೆ ನೋಡಿ ಬರುವುದಿಲ್ಲ. ಆಧಾರ್ ನಂಬರ್ ಹಿಡಿದು ಬರುತ್ತದೆ. ಎನ್‌ಪಿಸಿಐ ಅನ್ನುವ, ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಗೆ ಯಾವ ಬ್ಯಾಂಕ್ ಜೋಡಿಸಿತ್ತೋ ಅದೇ ಗೆಲ್ಲುತ್ತದೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೀನಿ ಅಂದರೆ ಅದು ಕೆವೈಸಿ, ಅಂದರೆ ಗುರುತಿನ ದಾಖಲೆ ಅಷ್ಟೇ. ಈ ಪಟ್ಟಿಗೆ ಸೇರಬೇಕಾದರೆ ಬ್ಯಾಂಕಿನಲ್ಲಿ ಬೇರೆ ಫಾರಂ ಕೊಟ್ಟು ಡಿಬಿಟಿಗೆ, ಅಂದರೆ ಸರ್ಕಾರದ ದುಡ್ಡು ನೇರ ಖಾತೆಗೆ ಬರೋದಕ್ಕೆ ಒಪ್ಪಿಗೆ ಕೊಡಬೇಕು. ಈ ವ್ಯತ್ಯಾಸ ಕೌಂಟರಿನಲ್ಲಿ ಕೂತವರೂ ಸರಿಯಾಗಿ ಹೇಳುತ್ತಿರಲಿಲ್ಲ. 'ಲಿಂಕ್ ಆಗಿದೆ ಹೋಗ್ರಿ' ಅಂದು ಕಳಿಸಿಬಿಡುತ್ತಿದ್ದರು.

ನೋಡುವುದು ಸುಲಭ. ಆಧಾರ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಒಟಿಪಿ ಕೊಟ್ಟರೆ ಬ್ಯಾಂಕಿನ ಹೆಸರು, ಜೋಡಿಸಿದ ತಾರೀಖು ಬರುತ್ತದೆ. ಖಾತೆ ನಂಬರ್ ಬರುವುದಿಲ್ಲ. ಆದರೆ ಒಟಿಪಿ ಬರಬೇಕಾದ ಸಿಮ್ಮೇ ಎಷ್ಟೋ ಜನರ ಹತ್ತಿರ ಇರಲಿಲ್ಲ. ರೀಚಾರ್ಜ್ ಮಾಡದೆ ಬಿಟ್ಟು, ಆ ನಂಬರು ಇನ್ಯಾರಿಗೋ ಹೋಗಿತ್ತು. ಹೊಸ ನಂಬರ್ ಸೇರಿಸೋಣ ಅಂದರೆ ಆಧಾರ್ ಕೇಂದ್ರಗಳು ಮುಚ್ಚಿದ್ದವು.

ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುವ ಒಬ್ಬ ಅಣ್ಣ ಇದ್ದಾರೆ. ಅವರ ವಿಷಯ ಹೇಳಿದರೆ ಪೂರ್ತಿ ಚಿತ್ರ ಸಿಗುತ್ತದೆ. ಅವರ ಹತ್ತಿರ ಎರಡು ಪಾಸ್‌ಬುಕ್. ಒಂದು ಜನಧನ್, ಇನ್ನೊಂದು ಹಳೆಯ ಗ್ರಾಮೀಣ ಬ್ಯಾಂಕಿನದು. ಎರಡೂ ಎಂಟ್ರಿ ಮಾಡಿಸಿದರು, ಎರಡರಲ್ಲೂ ದುಡ್ಡಿಲ್ಲ. ಅರ್ಜಿಯ ಸ್ಥಿತಿ ನೋಡಿದರೆ ಹಣ ಜಮಾ ಆಗಿದೆ ಅಂತ ಇದೆ. ಆಧಾರ್ ಸೈಟಿನಲ್ಲಿ ನೋಡಿದಾಗ ಮೂರನೇ ಬ್ಯಾಂಕಿನ ಹೆಸರು ಬಂತು. ಮೊಬೈಲ್ ಕಂಪನಿಯೊಂದರ ಪೇಮೆಂಟ್ಸ್ ಬ್ಯಾಂಕು. ಅವರು ಅದರ ಹೆಸರೇ ಕೇಳಿರಲಿಲ್ಲ. ಹಿಂದೆ ಯಾವಾಗಲೋ ಸಿಮ್ ತಗೊಳ್ಳುವಾಗ ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಿದ್ದರು. ಆಗಲೇ ಖಾತೆ ತೆರೆದು, ಆಧಾರನ್ನೂ ಅದಕ್ಕೇ ಜೋಡಿಸಿದ್ದರು! ದುಡ್ಡು ಅಲ್ಲಿ ಕೂತಿತ್ತು.

ತೆಗೆಯೋದು ಹೇಗೆ? ಹೆಬ್ಬೆಟ್ಟು ಒತ್ತಿ ತೆಗೆಯಬಹುದು. ಆದರೆ ವರ್ಷಗಟ್ಟಲೆ ಸೋಡಾ ನೀರು, ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದ ಕೈ. ಗೆರೆಗಳೇ ಸವೆದುಹೋಗಿವೆ. ಹೆಬ್ಬೆಟ್ಟು ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದೇ ಬೆರಳು ಇಟ್ಟು ನೋಡಿದೆವು. ಎಡಗೈಯ ಉಂಗುರದ ಬೆರಳು ತಗೊಂಡಿತು. ಅವತ್ತಿನಿಂದ ಯಾರೇ ಬಂದರೂ 'ಹತ್ತೂ ಬೆರಳು ಪ್ರಯತ್ನ ಮಾಡಿ, ಮೊದಲು ಕೈ ತೊಳೆದು ಬನ್ನಿ' ಅಂತ ಹೇಳುತ್ತಿದ್ದೆ. ಹಳ್ಳಿಯವರಿಗೆ ಪೋಸ್ಟ್‌ಮ್ಯಾನ್ ದೊಡ್ಡ ಉಪಕಾರ ಮಾಡಿದರು. ಮನೆ ಬಾಗಿಲಿಗೇ ಮಷೀನ್ ತಂದು, ಯಾವ ಬ್ಯಾಂಕಿನ ದುಡ್ಡಾದರೂ ತೆಗೆದುಕೊಡುತ್ತಿದ್ದರು.

ಆಟೊದವರದು ಬೇರೆ ತಕರಾರು. ಡಿಎಲ್, ವಾಹನದ ನಂಬರ್ ಎರಡೂ ಕೊಡಬೇಕು. ಸ್ವಂತ ಗಾಡಿ ಇದ್ದವರಿಗೆ ತೊಂದರೆ ಇಲ್ಲ. ಆದರೆ ದಿನ ಬಾಡಿಗೆಗೆ ಓಡಿಸುವವರು? ಗಾಡಿ ಮಾಲೀಕರ ಹೆಸರಿನಲ್ಲಿ, ಬೆವರು ಇವರದು. ಮಾಲೀಕರೇ ಆ ನಂಬರಿನಲ್ಲಿ ಅರ್ಜಿ ಹಾಕಿಬಿಟ್ಟರೆ ಇವರಿಗೆ ದಾರಿಯಿಲ್ಲ. ನಾನು ಇಂಥವರಿಗೆ ಮೊದಲು ಮಾಲೀಕರಿಗೆ ಫೋನ್ ಮಾಡಿ ಮಾತಾಡಿಕೊಳ್ಳಿ ಅನ್ನುತ್ತಿದ್ದೆ. ಕೆಲವು ಮಾಲೀಕರು ಒಳ್ಳೆಯವರು, ಬಿಟ್ಟುಕೊಟ್ಟರು. ಕೆಲವರು ಅರ್ಧ ಕೊಡು ಅಂದರು.

ಇನ್ನೊಂದು ಲೆಕ್ಕ ನನ್ನನ್ನು ಈಗಲೂ ಕಾಡುತ್ತದೆ. 2020ರ ಘೋಷಣೆಯಲ್ಲಿ ಚಾಲಕರ ಸಂಖ್ಯೆ 7.75 ಲಕ್ಷ. 2021ರ ಮೇ 19ರ ಪ್ಯಾಕೇಜಿನಲ್ಲಿ ಅದು 2.10 ಲಕ್ಷ, ಮೊತ್ತ 3,000. ಒಂದು ವರ್ಷದಲ್ಲಿ ಅಷ್ಟೊಂದು ಚಾಲಕರು ಕೆಲಸ ಬಿಟ್ಟರಾ? ಇಲ್ಲ. ಕಾಗದ ಸರಿಯಾಗಿ ಇದ್ದವರು ಇಷ್ಟೇ ಅಂತ ಸರ್ಕಾರಕ್ಕೂ ಗೊತ್ತಾಗಿತ್ತು ಅನ್ನೋದು ನನ್ನ ಅನಿಸಿಕೆ.

2021ರಲ್ಲಿ ಪಟ್ಟಿ ಉದ್ದವಾಯಿತು. ಟೈಲರ್, ಹಮಾಲಿ, ಕುಂಬಾರ, ಅಕ್ಕಸಾಲಿ, ಮೆಕ್ಯಾನಿಕ್, ಕಮ್ಮಾರ, ಚಮ್ಮಾರ, ಮನೆಗೆಲಸದವರು, ಚಿಂದಿ ಆಯುವವರು ಎಲ್ಲ ಸೇರಿದರು. ಈ ಪಟ್ಟಿಯವರಿಗೆ ಮೊತ್ತ ಮಾತ್ರ 2,000ಕ್ಕೆ ಇಳಿಯಿತು. ಬಿಪಿಎಲ್ ಕಾರ್ಡ್ ಬೇಕು, ಮೇಲಾಗಿ ನಾನು ಈ ವೃತ್ತಿಯವನು ಅಂತ ಅಧಿಕಾರಿಯ ಸಹಿ ಇರುವ ಪತ್ರ ಬೇಕು. ಮನೆಗೆಲಸದ ಅಕ್ಕಂದಿರ ಪಾಡು ನೋಡಿ. ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ. ಆ ಮನೆಯವರು ಎರಡು ಸಾಲು ಬರೆದುಕೊಡೋಕೂ ಹಿಂದೆಮುಂದೆ ನೋಡಿದರು, ಎಲ್ಲಿ ನಮ್ಮ ತಲೆಗೆ ಬರುತ್ತೋ ಅಂತ. ಆಗ ಲಾಕ್‌ಡೌನ್, ಬೆಳಗ್ಗೆ ಆರರಿಂದ ಹತ್ತು ಗಂಟೆ ಮಾತ್ರ ಓಡಾಟ, ಕಚೇರಿಯಲ್ಲಿ ಅರ್ಧ ಸಿಬ್ಬಂದಿ. ಸಹಿ ಹಾಕಿಸೋದು ಎಲ್ಲಿ?

ನಾನು ಮಾಡಿದ್ದು ಇಷ್ಟು. ಒಂದೇ ಓಣಿಯವರದು ಒಟ್ಟಿಗೆ ಸೇರಿಸಿದೆ. ಪತ್ರದ ನಮೂನೆ ಪ್ರಿಂಟ್ ತೆಗೆದು, ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಬರೆದೆ. 'ಲಕ್ಷ್ಮಮ್ಮ' ಒಂದು ಕಡೆ, 'ಲಕ್ಷ್ಮೀ' ಇನ್ನೊಂದು ಕಡೆ ಇದ್ದರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಓಣಿಯ ಒಬ್ಬರೇ ಕಟ್ಟು ತಗೊಂಡು ಹೋಗಿ ಒಂದೇ ಸಲ ಸಹಿ ಹಾಕಿಸಿಕೊಂಡು ಬರುತ್ತಿದ್ದರು. ದಾಖಲೆಗಳನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಅರ್ಜಿ ಹಾಕಿದೆ. ರಾತ್ರಿ ಹನ್ನೊಂದರ ಮೇಲೆ ಸರ್ವರ್ ಸ್ವಲ್ಪ ಉಸಿರಾಡುತ್ತಿತ್ತು. ಆದರೆ ಆ ಹೊತ್ತಿಗೆ ಒಟಿಪಿ ಹೇಳಲು ಅವರೂ ಎದ್ದಿರಬೇಕಿತ್ತು ಅಲ್ವಾ!

ಕಟ್ಟಡ ಕಾರ್ಮಿಕರಿಗೆ ಈ ಗೋಳಿರಲಿಲ್ಲ. ಲೇಬರ್ ಕಾರ್ಡ್ ಇದ್ದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ನೇರ ಜಮಾ. ಅದನ್ನು ನೋಡಿ ಗಾರೆ ಮುಟ್ಟದವರೂ ಕಾರ್ಡ್ ಮಾಡಿಸಿಕೊಡಿ ಅಂತ ಬಂದರು. ವರ್ಷಕ್ಕೆ 90 ದಿನ ಕೆಲಸ ಮಾಡಿದ ದೃಢೀಕರಣ ತನ್ನಿ ಅಂದೆ, ತಿರುಗಿ ಬರಲಿಲ್ಲ. ಬೇರೆ ಕಡೆ ಮಾಡಿಸಿಕೊಂಡಿರಬಹುದು.

ನನ್ನ ಅಂಗಡಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಜೆರಾಕ್ಸ್ ಮಷೀನಿಗೆ ಮುದ್ರಾ ಸಾಲ ಇತ್ತು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಕಟ್ಟದಿರಲು ಆರ್‌ಬಿಐ ಅವಕಾಶ ಕೊಟ್ಟಿತ್ತು. ಮನ್ನಾ ಅಂತ ತುಂಬಾ ಜನ ಅಂದುಕೊಂಡರು. ಮುಂದೂಡಿಕೆ ಅಷ್ಟೇ, ಬಡ್ಡಿ ಓಡುತ್ತಲೇ ಇರುತ್ತದೆ. ಚಕ್ರಬಡ್ಡಿಯ ವ್ಯತ್ಯಾಸ ಮಾತ್ರ ನವೆಂಬರ್‌ನಲ್ಲಿ ವಾಪಸ್ ಬಂತು, ಒಂದು ಕಾರ್ಟ್ರಿಜ್‌ಗೂ ಸಾಲದು. ನಿಜವಾಗಿ ಕೈ ಹಿಡಿದಿದ್ದು ತುರ್ತು ಸಾಲ ಖಾತರಿ ಯೋಜನೆ. 2020ರ ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ ಶೇ. 20ರಷ್ಟು ಹೊಸ ಸಾಲ. ಅಡಮಾನ ಇಲ್ಲ, ಬ್ಯಾಂಕಿಗೆ ಬಡ್ಡಿಯ ಮಿತಿ ಶೇ. 9.25, ಮೊದಲ ವರ್ಷ ಅಸಲು ಕಟ್ಟಬೇಕಿಲ್ಲ. ಬಾಡಿಗೆ, ಕರೆಂಟ್ ಬಿಲ್ ದಾಟಿದ್ದು ಅದರಲ್ಲೇ. ಆದರೆ ಇದು ಮೊದಲೇ ಬ್ಯಾಂಕ್ ಸಾಲ ಇದ್ದವರಿಗೆ ಮಾತ್ರ ಇತ್ತು. ಪಕ್ಕದ ಟೈಲರ್ ತಂದಿದ್ದು ಮೀಟರ್ ಬಡ್ಡಿ ಸಾಲ. ಅವರಿಗೆ ಈ ಬಾಗಿಲೇ ಇರಲಿಲ್ಲ.

ತಳ್ಳುಗಾಡಿಯವರಿಗೆ 2020ರ ಜೂನ್‌ನಲ್ಲಿ ಬಂದ ಸ್ವನಿಧಿ ಯೋಜನೆ ಪರವಾಗಿಲ್ಲ. ಆಗ ಮೊದಲು 10,000 ಸಾಲ, ಸರಿಯಾಗಿ ತೀರಿಸಿದರೆ 20,000 ಸಿಗುತ್ತಿತ್ತು. ಗುರುತಿನ ಚೀಟಿ ಇಲ್ಲದವರು ಪುರಸಭೆಯಿಂದ ಶಿಫಾರಸು ಪತ್ರ ತಂದರೂ ಆಗುತ್ತಿತ್ತು. ಪರಿಹಾರ ಅಂತ ಹೇಳಿ ಸಾಲ ಕೊಟ್ಟರಲ್ಲ ಅಂತ ಸೊಪ್ಪಿನ ಅಜ್ಜಿ ಬೈದರು. ಆದರೂ ತಗೊಂಡರು.

2021ರ ಆಗಸ್ಟ್‌ನಲ್ಲಿ ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸುವ ಇ-ಶ್ರಮ್ ಶುರುವಾದಾಗ ಇದೇ ಜನ ಮತ್ತೆ ಬಂದರು. ಈ ಸಲ ಯಾರೂ ಹೇಳಿಸಿಕೊಳ್ಳಲಿಲ್ಲ. ಆಧಾರ್‌ಗೆ ಮೊಬೈಲ್ ಸೇರಿಸಿ, ಬ್ಯಾಂಕಿನ ಹೆಸರು ನೋಡಿಕೊಂಡೇ ಬಂದಿದ್ದರು. ಇದರಲ್ಲಿ ಈಗಲೇ ದುಡ್ಡು ಬರಲ್ಲ, ಅಪಘಾತ ವಿಮೆ ಇದೆ, ಹೆಸರು ಪಟ್ಟಿಯಲ್ಲಿ ಸೇರುತ್ತದೆ ಅಂತ ಹೇಳಿಯೇ ಮಾಡಿಕೊಟ್ಟೆ. ಇಸ್ತ್ರಿ ಅಣ್ಣ ಮಾತ್ರ 'ಇದಕ್ಕೆ ಯಾವ ಬೆರಳು ಇಡಲಿ?' ಅಂತ ಕೇಳಿದರು.