ತೋಟದ ಪಿಕಪ್‌ಗೆ ಟೂ ವೀಲೋ, ಫೋರ್ ವೀಲೋ: ನನ್ನ ಅನುಭವ

ಮೂಡಿಗೆರೆ, ಸಕಲೇಶಪುರದ ಕಡೆ ಗಾಡಿ ಕೊಳ್ಳುವ ಮಾತು ತೆಗೆದರೆ ಸಾಕು, ‘ಮಲೆನಾಡಲ್ಲಿದ್ದುಕೊಂಡು ಫೋರ್ ವೀಲ್ ಇಲ್ಲದಿದ್ದರೆ ಹೇಗೆ ಮಾರಾಯ್ರೆ?’ ಎನ್ನುವವರೇ ಎಲ್ಲ. ಫೋರ್ ವೀಲ್ ಅಂದರೆ ಇಂಜಿನ್ ನಾಲ್ಕೂ ಚಕ್ರವನ್ನು ಎಳೆಸುವ ಗಾಡಿ, ಟೂ ವೀಲ್ ಪಿಕಪ್‌ನಲ್ಲಿ ಹಿಂದಿನ ಎರಡು ಮಾತ್ರ. ವಿಲ್ಲೀಸ್ ಜೀಪು, ಎಂಎಂ 540 ನೋಡಿಕೊಂಡೇ ಬೆಳೆದವರು ನಾವು. ಮಳೆಗಾಲದಲ್ಲಿ ಚಕ್ರಕ್ಕೆ ಸರಪಳಿ ಸುತ್ತಿಕೊಂಡು ಏರು ಹತ್ತುತ್ತಿದ್ದ ಜೀಪುಗಳು ಇನ್ನೂ ಕಣ್ಣಲ್ಲಿವೆ. ಆದರೆ ಪಿಕಪ್ ಕೊಳ್ಳುವಾಗ ನಾನು ಮೊದಲು ಲೆಕ್ಕ ಹಾಕಿದ್ದು ರಸ್ತೆಯನ್ನಲ್ಲ, ಯಾವ ತಿಂಗಳಲ್ಲಿ ಏನು ಹೊರಬೇಕು ಅನ್ನೋದನ್ನ.

ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು, ಅದರ ಬೆನ್ನಿಗೆ ರೋಬಸ್ಟಾ, ಜೊತೆಗೇ ಮೆಣಸು. ಮಾರ್ಚ್‌ವರೆಗೆ ಗಾಡಿಗೆ ಪುರುಸೊತ್ತಿಲ್ಲ, ಆದರೆ ಆಗ ನೆಲ ಒಣಗಿ ದೂಳೇಳುತ್ತಿರುತ್ತದೆ. 50 ಕೆಜಿ ಮೂಟೆಗಳನ್ನು ಪೇರಿಸಿದಷ್ಟೂ ಹಿಂದಿನ ಚಕ್ರ ನೆಲ ಕಚ್ಚುತ್ತದೆ, ಟೂ ವೀಲ್ ಸಲೀಸಾಗಿ ಹತ್ತುತ್ತದೆ. ಕಾಫಿ ಸಾಗಿಸುವುದೊಂದೇ ಕೆಲಸವಾಗಿದ್ದರೆ ಫೋರ್ ವೀಲ್ ನನಗೆ ದಂಡದ ಖರ್ಚು.

ನನ್ನ ತಲೆನೋವು ಅಡಿಕೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ದ್ರಾವಣ) ಹೊಡೆಯಲೇಬೇಕು. ಆ ಎರಡನೆಯದು ಬಂದು ಬೀಳುವುದು ಜುಲೈ ಮಳೆಯ ನಡುವೆ, ಮಳೆ ಬಿಟ್ಟು ಹೊಳವು ಸಿಕ್ಕ ದಿನ. ಅಡಿಕೆ ಇರುವುದು ಕೆಳಗೆ ಹಳ್ಳದ ಪಕ್ಕ. 200 ಲೀಟರ್ ಡ್ರಮ್ಮು ತುಂಬಿದರೆ ಅದೇ 200 ಕೆಜಿ, ಮೇಲೆ ಪಂಪು, ಪೈಪು, ಮೈಲುತುತ್ತು, ಸುಣ್ಣ. ಇಳಿಯುವಾಗ ಲೋಡು, ಹತ್ತುವಾಗ ಖಾಲಿ. ಪಿಕಪ್‌ಗೆ ಇದಕ್ಕಿಂತ ಕೆಟ್ಟ ಸವಾರಿ ಇನ್ನೊಂದಿಲ್ಲ. ಇಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ, ಅಲ್ಲಿ ಭಾರವೇ ಇಲ್ಲ. ಹಸಿ ಕೆಂಪುಮಣ್ಣು ಟೈರಿನ ಗೀರುಗಳಲ್ಲಿ ತುಂಬಿ ಟೈರು ಬೋಳಾದಂತಾಗುತ್ತದೆ, ಚಕ್ರ ಕೂತಲ್ಲೇ ಸುತ್ತುತ್ತದೆ, ಹಿಂಭಾಗ ಚರಂಡಿ ಕಡೆ ವಾಲುತ್ತದೆ. ಟೂ ವೀಲ್ ಇರುವವರು ಹಿಂದೆ ನಾಲ್ಕು ಮರಳು ಚೀಲ ಹಾಕಿಕೊಂಡೇ ಓಡಿಸುವುದು ಇದಕ್ಕೇ. ಸಣ್ಣ ಏರಿಗೆ ಆ ಉಪಾಯ ಸಾಕೂ ಸಾಕು.

ನಾನು ಫೋರ್ ವೀಲ್‌ಗೆ ಒಪ್ಪಿದ್ದು ಹತ್ತುವುದಕ್ಕಿಂತ ಹೆಚ್ಚಾಗಿ ಇಳಿಯುವುದಕ್ಕೆ. ಷೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಾಲ್ಕು ಚಕ್ರ ಎಳೆದ ಮಾತ್ರಕ್ಕೆ ಬ್ರೇಕೇನೂ ಚೆನ್ನಾಗಿ ಹಿಡಿಯುವುದಿಲ್ಲ. ಜಾರುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಚಕ್ರ ಲಾಕ್ ಆಯಿತೋ, ಸ್ಟೀರಿಂಗ್ ಎತ್ತ ತಿರುಗಿಸಿದರೂ ಗಾಡಿ ನೇರ ಜಾರುತ್ತದೆ. ಲೋ ರೇಂಜ್, ಅಂದರೆ ಗಾಡಿಯನ್ನು ತೀರಾ ನಿಧಾನಕ್ಕೆ, ಹೆಚ್ಚು ಬಲದಿಂದ ಓಡಿಸುವ ಗೇರು ವ್ಯವಸ್ಥೆ ಇದ್ದರೆ ಕತೆ ಬೇರೆ. ಇಳಿಯುವ ಮೊದಲೇ ಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, 4ಎಲ್‌ಗೆ (ಫೋರ್ ವೀಲ್ ಲೋ) ಹಾಕಿ, ಫಸ್ಟ್ ಗೇರಿನಲ್ಲಿ ಕ್ಲಚ್, ಬ್ರೇಕ್ ಎರಡರಿಂದಲೂ ಕಾಲು ತೆಗೆಯುತ್ತೇನೆ. ಇಂಜಿನ್ನೇ ನಾಲ್ಕೂ ಚಕ್ರವನ್ನು ಹಿಡಿದುಕೊಂಡು, ಡ್ರಮ್ಮಿನ ನೀರು ಕುಲುಕದಷ್ಟು ನಿಧಾನಕ್ಕೆ ಇಳಿಸುತ್ತದೆ. ಅದಕ್ಕೇ ಹೇಳೋದು, ಕೊಳ್ಳುವಾಗ ಫೋರ್ ವೀಲ್ ಇದೆಯಾ ಅಂತಷ್ಟೇ ಕೇಳಬೇಡಿ, ಲೋ ಇದೆಯಾ ಕೇಳಿ.

ಇಸುಜು ವಿ-ಕ್ರಾಸ್ ಓಡಿಸಲು ಕಾರಿನಂತಿತ್ತು, ಇಷ್ಟವೂ ಆಯಿತು. ಟೊಯೊಟಾ ಹೈಲಕ್ಸ್ ಬೆಲೆ ಕೇಳಿಯೇ ಎದ್ದು ಬಂದೆ. ಮೈಲುತುತ್ತು ಚೆಲ್ಲುವ, ಕತ್ತಿ ಗೀರುವ ಕೆಲಸಕ್ಕೆ ಬೊಲೆರೊ ಕ್ಯಾಂಪರ್ ಫೋರ್ ವೀಲೇ ಸರಿ ಎನಿಸಿತು. ನಮ್ಮ ಪೇಟೆಯ ಯಾವ ಮೆಕ್ಯಾನಿಕ್ಕಾದರೂ ಅದಕ್ಕೆ ಕೈ ಹಾಕುತ್ತಾನೆ.

ಇಟ್ಟುಕೊಂಡ ಮೇಲೆ ಖರ್ಚು ಇದ್ದೇ ಇದೆ. ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮುಂದೊಂದು, ಇಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಒಂದು, ಎರಡಕ್ಕೂ ಆಯಿಲ್ ಬೇಕು, ಹೆಚ್ಚಿನ ತೂಕಕ್ಕೆ ಡೀಸೆಲೂ ತುಸು ಹೆಚ್ಚು. ಬೇಸಿಗೆಯಲ್ಲೂ ಆಗಾಗ ಮಣ್ಣು ದಾರಿಯಲ್ಲಿ ಫೋರ್ ವೀಲ್ ಹಾಕಿ ಓಡಿಸುತ್ತೇನೆ, ಇಲ್ಲದಿದ್ದರೆ ಬೇಕಾದ ದಿನ ಹಟ ಹಿಡಿಯುತ್ತದೆ. ಟಾರ್ ರಸ್ತೆ ಸೇರಿದ ಕೂಡಲೇ 2ಎಚ್, ಅಂದರೆ ಮಾಮೂಲಿ ಟೂ ವೀಲ್. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಕ್ರಮಿಸುವ ದೂರ ಒಂದೇ ಅಲ್ಲ. ಆ ಎರಡರ ನಡುವೆ ಡಿಫರೆನ್ಷಿಯಲ್ ಇಲ್ಲದ ಗಾಡಿಯನ್ನು ಫೋರ್ ವೀಲ್‌ನಲ್ಲೇ ಓಡಿಸಿದರೆ ಒಣ ಟಾರಿನ ಮೇಲೆ ಸ್ಟೀರಿಂಗ್ ಬಿಗಿಯಾಗಿ, ಗೇರುಗಳು ಒಂದನ್ನೊಂದು ತಿರುಚತೊಡಗುತ್ತವೆ.

ಪಕ್ಕದ ತೋಟದವರು ಟೂ ವೀಲ್ ತಗೊಂಡರು. ಅವರ ಕಣ ಟಾರ್ ರಸ್ತೆಗೇ ತಾಗಿದೆ, ಅಡಿಕೆ ಇಲ್ಲ. ಉಳಿದ ದುಡ್ಡಲ್ಲಿ ಗೇಟಿನ ಹತ್ತಿರದ ಏರಿಗೆ ಜಲ್ಲಿ ಹಾಕಿಸಿ, ಹಿಂದಿನ ಚಕ್ರಕ್ಕೆ ಒರಟು ಟೈರು ಹಾಕಿಸಿದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.